ಹೊಸಲು ಇದ್ದ ಟೆಂಪೊ

ಆಗ ನನಗೆ ಅರವತ್ತೊಂಬತ್ತು, ಈಗ್ಗೆ ನಾಲ್ಕು ವರ್ಷದ ಮಾತು. ಆ ವಯಸ್ಸಲ್ಲಿ ನಾನು ಮನೆಯೊಳಗೆ ಕೂತುಕೊಂಡೇ ಊಟಿ ಘಾಟಿ ಹತ್ತಿದೆ ಅಂದರೆ ನೀವು ನಂಬಲ್ಲ. ನನ್ನ ತಮ್ಮನನ್ನು ನೋಡಿದ್ದರೆ ನಂಬುತ್ತಿದ್ದಿರಿ!

ಗುಂಡ್ಲುಪೇಟೆ ಮಂಡಿಗೆ ಮೂವತ್ತು ವರ್ಷ ಈರುಳ್ಳಿ ಸಾಗಿಸಿದವನು ಒಂದು ದಿನ ಅದೇ ಟೆಂಪೊಗೆ ತಗಡಿನ ಗೋಡೆ ಕಟ್ಟಿ, ಮಂಚ, ಗ್ಯಾಸ್ ಒಲೆ ಕೂರಿಸಿ, "ಇದು ಮನೆ ಕಣಕ್ಕ" ಅಂದ. ಮನೆ ಅಂದಮೇಲೆ ವಾಸ್ತು ಬೇಡವೇ? ಎಡಗಡೆ ಬಾಗಿಲು, ಅದಕ್ಕೆ ಬೇವಿನ ಮರದ ಹೊಸಲು, ಅರಿಶಿನ ಕುಂಕುಮ ಸಮೇತ!

"ಊಟಿ ಇರಾದು ತೆಂಕ್ಲಾಗೆ. ಗಾಡಿ ಆ ಕಡೆ ಹೋದ್ರೆ ಬಾಗ್ಲು ಪೂರ್ವಕ್ಕೇ ಇರ್ತದೆ."

"ವಾಪಸ್ ಬರುವಾಗ?"

"ರಿವರ್ಸಲ್ಲಿ ಬರನ ಬುಡಕ್ಕ."

ಇಂಥವನ ಜೊತೆ ನಾನು ಹೊರಟೆ. ಹುಚ್ಚು ಯಾರಿಗೆ?

ಮಸಿನಗುಡಿ ದಾಟಿತು, ಕಲ್ಲಟ್ಟಿ ಘಾಟಿ ಶುರುವಾಯಿತು. ಮೂವತ್ತಾರು ತಿರುವು. ಒಂದು ತಿರುವಿಗೆ ಬಾಗಿಲು ಪಶ್ಚಿಮಕ್ಕೆ ಹೋಯಿತು, ಇನ್ನೊಂದಕ್ಕೆ ಪೂರ್ವಕ್ಕೆ ಬಂತು. ಪೂರ್ವಕ್ಕೆ ಬಂದಾಗೆಲ್ಲ ಇವನು ಕೈ ಮುಗಿಯುತ್ತಿದ್ದ. ಸ್ಟೇರಿಂಗ್ ಯಾರು ಹಿಡಿದಿದ್ದರೋ, ಅವನ ದೇವರೇ ಬಲ್ಲ!

ಹಾಗೆ ಒಂದು ತಿರುವಲ್ಲಿ ಕೈ ಮುಗಿದು ಗೇರು ಹಾಕುವಷ್ಟರಲ್ಲಿ ಇಂಜಿನ್ ನಿಂತೇಹೋಯಿತು. ಟೆಂಪೊ ಒಂದು ಮೊಳ ಹಿಂದಕ್ಕೆ ಸರಿಯಿತು. ಹ್ಯಾಂಡ್ ಬ್ರೇಕ್ ಎಳೆದ, ಹಿಡಿಯಲಿಲ್ಲ. ಕಾಲಿನ ಬ್ರೇಕ್ ಮೇಲೆ ಮೈಭಾರವೆಲ್ಲ ಹಾಕಿ ಒತ್ತಿ ಹಿಡಿದ. ಹಿಂದೆ ಕಮರಿ.

"ಅಕ್ಕ, ಇಳಿ."

"ನೀನು?"

"ನಾನ್ ಕಾಲ್ ತಗುದ್ರೆ ಗಾಡಿ ಹೊಂಟೋಯ್ತದೆ. ನೀನ್ ಇಳಿಯಕ್ಕ, ಬೇಗ! ಹೊಸ್ಲು ತುಳೀಬ್ಯಾಡ!"

ಪ್ರಾಣ ಹೋಗುವಾಗಲೂ ಹೊಸಲು!

ಇಳಿದೆ. ಚಕ್ರಕ್ಕೆ ಒಡ್ಡಲು ಕಲ್ಲು ಹುಡುಕಿದೆ. ಗೋಲಿಯಷ್ಟು ಜಲ್ಲಿ ಬಿಟ್ಟರೆ ಏನೂ ಇಲ್ಲ. ತುಳಿಯಬೇಡ ಅಂದಿದ್ದನಲ್ಲ, ನಾನು ತುಳಿಯಲಿಲ್ಲ, ಒದ್ದೆ. ನಾಲ್ಕನೇ ಒದೆಗೆ ಹೊಸಲು ಮೊಳೆ ಸಮೇತ ಕಿತ್ತುಬಂತು. ಎಳೆದುಕೊಂಡು ಹೋಗಿ ಹಿಂದಿನ ಚಕ್ರಕ್ಕೆ ಒಡ್ಡಿದೆ. ಟೆಂಪೊ ಕಿರ್ರ್ ಅಂತ ಅದಕ್ಕೆ ಒರಗಿ ನಿಂತಿತು.

"ಅಯ್ಯೋ, ಲಕ್ಷ್ಮಿನೇ ಚಕ್ರದ್ ಅಡಿಗ್ ಹಾಕ್ಬುಟ್ಯಲ್ಲಕ್ಕ!"

"ಅವ್ಳೇ ಕಣ್ಲಾ ಹಿಡ್ಕಂಡಿರಾದು. ನೀನ್ ಸ್ಟಾರ್ಟ್ ಮಾಡ್ಲಾ!"

ಗಾಡಿ ಉಬ್ಬಸ ಪಟ್ಟುಕೊಂಡು ಮೇಲೆ ಹೋಯಿತು. ನಾನು ಮತ್ತೆ ಹತ್ತಲಿಲ್ಲ. ಹೊಸಲನ್ನು ಹೆಗಲ ಮೇಲಿಟ್ಟು ಮುಂದಿನ ತಿರುವಿನ ತನಕ ನಡೆದೆ. ಎದುರಿಗೆ ಬಂದ ಕಾರಿನವರು ನನಗೆ ಕೈ ಮುಗಿದರು, ಯಾವುದೋ ಹರಕೆ ಅಂದುಕೊಂಡಿರಬೇಕು!

ಮೇಲೆ ರಸ್ತೆ ಬದಿಯಲ್ಲಿ ಕೂತಿದ್ದ. ಬ್ರೇಕ್ ಒತ್ತಿ ಹಿಡಿದಿದ್ದ ಬಲಗಾಲು ನೆಲಕ್ಕೆ ಊರಲು ಆಗುತ್ತಿರಲಿಲ್ಲ. ನನ್ನನ್ನು ನೋಡಿ ನಕ್ಕ. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರೋ ಹಾಗೆ. ಬದುಕಿದ್ದೆವಲ್ಲ!

ಬಯ್ಯಬೇಕು ಅಂತಲೇ ಬಂದವಳು ಹೊಸಲು ಕೆಳಗಿಟ್ಟು ಅವನ ಪಕ್ಕ ಕೂತೆ. ಇಳಿ ಅಂದದ್ದು ನನಗೆ. ತಾನು ಇಳಿಯೋ ಮಾತು ಅವನ ತಲೆಗೇ ಬಂದಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಎದ್ದವಳೇ ಟೆಂಪೊದ ಒಲೆ ಮೇಲೆ ಹರಳೆಣ್ಣೆ ಬೆಚ್ಚಗೆ ಮಾಡಿದೆ. "ದೊಡ್ಡೋಳು ನೀನು, ನನ್ ಕಾಲ್ ಮುಟ್ಬ್ಯಾಡ ಕಣಕ್ಕ" ಅಂತ ಅವನು ಹಿಂದೆ ಸರಿದರೂ ಬಿಡದೆ, ಆ ಬಲಗಾಲನ್ನು ತೊಡೆ ಮೇಲೆ ಎಳೆದುಕೊಂಡು ನೀವುತ್ತಾ ಕೂತೆ.