ಕಂಪ್ಯೂಟರಿನೊಳಗೆ ನಮ್ಮ ಮಾವನವರು ಮಾಡಿದ ಆಕ್ಸಿಡೆಂಟು

ಗಾಡಿ ಓಡಿಸಲು ಬಾರದವರಿಗೆ ರಸ್ತೆಯ ಬಗ್ಗೆ ಇರುವಷ್ಟು ಅಭಿಪ್ರಾಯಗಳು ಓಡಿಸುವವರಿಗೆ ಇರುವುದಿಲ್ಲ. ನನ್ನನ್ನೇ ನೋಡಿ. ಸೈಕಲ್ಲಿಗಿಂತ ದೊಡ್ಡದೇನನ್ನೂ ಓಡಿಸಿದವನಲ್ಲ. ಆ ಸೈಕಲ್ಲನ್ನೂ ಇಳಿಜಾರು ಬಂದರೆ ಇಳಿದು ತಳ್ಳಿಕೊಂಡು ಹೋಗುವವನು. ಆದರೆ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿಬಿಟ್ಟರೆ ಸಾಕು, ಎಲ್ಲಿ ಗೇರು ಬದಲಾಯಿಸಬೇಕಿತ್ತು, ಯಾವ ಕಬ್ಬಿನ ಗಾಡಿಯನ್ನು ಯಾವ ತಿರುವಿನಲ್ಲಿ ಹಿಂದೆ ಹಾಕಬಾರದಿತ್ತು ಎಂದು ಪಕ್ಕದವರಿಗೆ ವಿವರಿಸುತ್ತಾ ಹೋಗುತ್ತೇನೆ. ಡ್ರೈವರು ಬ್ರೇಕು ಹಾಕುವುದಕ್ಕೆ ಮುಂಚೆಯೇ ನನ್ನ ಬಲಗಾಲು ನೆಲವನ್ನು ಒತ್ತಿರುತ್ತದೆ. ಒಮ್ಮೆ ಹಾಗೆ ಒತ್ತಿದ್ದು ನೆಲವಾಗಿರದೆ ಯಾರದೋ ಬುಟ್ಟಿಯಾಗಿತ್ತು. ಅದರೊಳಗಿದ್ದ ಕೋಳಿ ಕೆ.ಆರ್. ಪೇಟೆ ಬರುವ ತನಕ ನನ್ನನ್ನು ಬೈಯುತ್ತಲೇ ಬಂತು. ಕೋಳಿಗೆ ದಣಿವಾದಾಗ ಅದರ ಒಡತಿ ಮುಂದುವರಿಸಿದಳು.

ಇಂಥವನಿಗೆ ಹೆಣ್ಣು ಕೊಟ್ಟವರು ಸರ್ಕಾರಿ ಬಸ್ಸಿನ ಡ್ರೈವರು. ನಮ್ಮ ಮಾವ ನಂಜೇಗೌಡರು ನಾಗಮಂಗಲದ ಕಡೆಯವರು. ಶ್ರೀರಂಗಪಟ್ಟಣದಿಂದ ಹೊರಟು ಪಾಂಡವಪುರ, ಕೆ.ಆರ್. ಪೇಟೆ ಹಾಯ್ದು ನಾಗಮಂಗಲ ಮುಟ್ಟುವ ಬಸ್ಸನ್ನು ತಮ್ಮ ಕೂದಲು ಕಪ್ಪಗಿದ್ದಾಗಿನಿಂದ ಪೂರ್ತಿ ಬೆಳ್ಳಗಾಗುವ ತನಕ ಓಡಿಸಿದವರು. ಆ ದಾರಿಯನ್ನು ರಸ್ತೆ ಎಂದು ಕರೆಯುವುದು ಸರ್ಕಾರದ ದೊಡ್ಡತನ. ಸುಗ್ಗಿಯ ಕಾಲದಲ್ಲಿ ಅದರ ಅರ್ಧ ಭಾಗ ಕಣ. ಬಸ್ಸಿನ ಚಕ್ರ ಹಾಯ್ದು ಕಾಳು ಉದುರಲಿ ಎಂದು ಹುರುಳಿಯನ್ನು ಮೊಣಕಾಲುದ್ದ ಹರಡಿರುತ್ತಾರೆ. ಮಿಕ್ಕ ಅರ್ಧದಲ್ಲಿ ಎಮ್ಮೆಗಳಿರುತ್ತವೆ, ಅವುಗಳ ಹಿಂದೆ ಕಬ್ಬು ತುಂಬಿದ ಎತ್ತಿನ ಗಾಡಿ, ಗಾಡಿಯ ಮೇಲೆ ನಿದ್ದೆ ಹೋದ ಯಜಮಾನ. ಇಷ್ಟರ ನಡುವೆ ಬಸ್ಸು ಓಡಿಸಿಯೂ ಮಾವನವರ ಕೈಯಲ್ಲಿ ಒಂದು ಕೋಳಿಮರಿಯೂ ಸತ್ತಿರಲಿಲ್ಲ. ಅಪಘಾತವಿಲ್ಲದ ಸೇವೆಗೆಂದು ಅವರಿಗೆ ಒಂದು ಬೆಳ್ಳಿಯ ಪದಕ ಕೊಟ್ಟಿದ್ದರು. ಅದನ್ನು ಖಾಕಿ ಬಟ್ಟೆಯ ಚೂರಿನಲ್ಲಿ ಸುತ್ತಿ, ಎಲ್ಲಿಗೆ ಹೋದರೂ ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದರು. ಮದುವೆ ಮನೆಗಳಲ್ಲಿ ಊಟದ ನಂತರ ಎಲೆಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಆ ಬಟ್ಟೆ ಬಿಚ್ಚಿಕೊಳ್ಳುತ್ತಿತ್ತು.

ನಾನು ಪಾಂಡವಪುರದಲ್ಲಿ ಟೈಪಿಂಗ್ ಶಾಲೆ ಇಟ್ಟಿದ್ದವನು. ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ಹುಡುಗಿಯರೆಲ್ಲ ಬಂದು ಟೈಪ್‌ರೈಟರುಗಳನ್ನು ಹಳೆಯ ಸಂಬಂಧಿಕರನ್ನು ನೋಡುವಂತೆ ನೋಡಿ, "ಕಂಪ್ಯೂಟರ್ ಇಲ್ವಾ ಸಾರ್?" ಎಂದು ಕೇಳಿ ಹೋಗತೊಡಗಿದರು. ಹಾಗಾಗಿ ಒಂದು ಕಂಪ್ಯೂಟರು ಬಂತು. ಅದನ್ನು ಜೋಡಿಸಲು ಮೈಸೂರಿನಿಂದ ಬಂದಿದ್ದ ತರುಣ ಉಪಚಾರಕ್ಕೆಂದು ಅದರೊಳಗೆ ಒಂದು ಕಾರಿನ ಆಟವನ್ನೂ ಹಾಕಿಕೊಟ್ಟು ಹೋದ.

ಅದು ಯಾವುದೋ ದೇಶದ ಯಾವುದೋ ಪಟ್ಟಣ. ಇಲ್ಲಿಂದ ಹೊರಟು ಅಲ್ಲಿಗೇ ಮುಟ್ಟಬೇಕೆಂಬ ಕಟ್ಟಳೆ ಇಲ್ಲ. ಊರೆಲ್ಲ ನಿಮ್ಮದೇ. ಬೇಕಾದ ಬೀದಿಗೆ ತಿರುಗಬಹುದು, ಬೇಕಾದ ಹೆದ್ದಾರಿ ಹತ್ತಬಹುದು. ಲಾರಿಗಳು ಅಡ್ಡ ಬರುತ್ತವೆ, ಸಿಗ್ನಲ್ ದೀಪಗಳು ಬದಲಾಗುತ್ತವೆ, ಪೊಲೀಸರು ಅಟ್ಟಿಸಿಕೊಂಡು ಬರುತ್ತಾರೆ, ದಾರಿಹೋಕರು ಚೀರಿ ಪಕ್ಕಕ್ಕೆ ಹಾರುತ್ತಾರೆ. ಶಾಲೆಯ ಬಾಗಿಲು ಹಾಕಿದ ಮೇಲೆ ನಾನು ಆ ಪಟ್ಟಣದಲ್ಲಿ ನಡೆಸಿದ ದಾಂಧಲೆಯನ್ನು ಹೇಳುವುದಕ್ಕೆ ನಾಚಿಕೆಯಾಗುತ್ತದೆ. ದೀಪದ ಕಂಬಗಳನ್ನು ಉರುಳಿಸಿದೆ, ಅಂಗಡಿಯೊಳಗೆ ಕಾರು ನುಗ್ಗಿಸಿದೆ, ಒಮ್ಮೆ ಮೆಟ್ಟಿಲು ಹತ್ತಿಸಿ ಯಾವುದೋ ಕಚೇರಿಯ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡೆ. ಎಷ್ಟು ಗುದ್ದಿದರೂ ಕಾರು ಹೊಗೆಯಾಡುತ್ತಾ ಮತ್ತೆ ಹೊರಡುತ್ತಿತ್ತು. ಸೈಕಲ್ಲಿನಿಂದ ಇಳಿದು ತಳ್ಳುವವನಿಗೆ ಇದಕ್ಕಿಂತ ಸುಖ ಬೇರೆ ಏನಿದೆ?

ಅದೇ ದಿನಗಳಲ್ಲಿ ಮಾವ ನಮ್ಮ ಮನೆಗೆ ಬಂದರು. ನಿವೃತ್ತರಾಗಿ ಹೆಚ್ಚು ಕಾಲವಾಗಿರಲಿಲ್ಲ, ಕೈಗಳಿಗೆ ಕೆಲಸವಿರಲಿಲ್ಲ. ಊಟದ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತಾ ಕೂರುತ್ತಿದ್ದರು. ನನ್ನ ಹೆಂಡತಿ ಜಯ, "ಅಪ್ಪನ್ನ ಒಸಿ ನಿಮ್ಮ ಶಾಲೆ ಕಡೆ ಕರ್ಕೊಂಡ್ ಓಗಿ. ಇಲ್ಲದಿದ್ರೆ ನನ್ ತಟ್ಟೆಗಳೆಲ್ಲ ಸವೆದೋಯ್ತವೆ" ಎಂದಳು. ಭಾನುವಾರ ಮಧ್ಯಾಹ್ನ ಕರೆದುಕೊಂಡು ಹೋಗಿ ಆಟ ಹಾಕಿ ಕೂರಿಸಿದೆ. ಬಾಣದ ಗುರುತಿನ ಗುಂಡಿಗಳನ್ನು ತೋರಿಸಿ, ಇದು ಎಡಕ್ಕೆ, ಇದು ಬಲಕ್ಕೆ, ಇದು ಮುಂದಕ್ಕೆ, ಇದು ಬ್ರೇಕು ಎಂದೆ.

ಮಾವ ಚಪ್ಪಲಿ ಬಿಟ್ಟರು. ಕೀಬೋರ್ಡು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ, "ಒಂದು ನಿಂಬೆಹಣ್ಣು ಇದ್ದದಾ ಅಳೀಂದ್ರೆ?" ಎಂದು ಕೇಳಿದರು. ಎದುರಿನ ಜ್ಯೂಸ್ ಅಂಗಡಿಯಿಂದ ತಂದುಕೊಟ್ಟೆ. ಅದನ್ನು ಪರದೆಯ ಮುಂದೆ ಇಟ್ಟು ಗಾಡಿ ಹೊರಡಿಸಿದರು.

ಅಂಥ ಡ್ರೈವಿಂಗನ್ನು ಆ ಪಟ್ಟಣ ಎಂದೂ ನೋಡಿರಲಿಕ್ಕಿಲ್ಲ. ಎತ್ತಿನ ಗಾಡಿಯ ವೇಗದಲ್ಲಿ ಬದಿಗೆ ಹೊಂದಿಕೊಂಡು ಹೋದರು. ಕೆಂಪು ದೀಪ ಕಂಡಲ್ಲೆಲ್ಲ ನಿಂತರು. ದೀಪವಿಲ್ಲದ ಕಡೆಯೂ ಫುಟ್‌ಪಾತಿನ ಮೇಲೆ ಜನ ಕಂಡರೆ ನಿಂತರು.

"ಯಾಕೆ ಮಾವ ನಿಲ್ಸಿದ್ರಿ?"

"ಜನ ನಿಂತವ್ರಲ್ಲಾ, ಅತ್ಕಳ್ಳಿ ಅಂತ."

"ಇದು ಬಸ್ಸಲ್ಲ ಮಾವ, ಕಾರು."

"ಕಾರಾದ್ರೇನು? ಬಿಸ್ಲಲ್ಲಿ ನಿಂತವ್ರೆ ಪಾಪ."

ಯಾರೂ ಹತ್ತಲಿಲ್ಲ. ಮಾವನಿಗೆ ಸ್ವಲ್ಪ ಅವಮಾನವಾಯಿತು. ಅಷ್ಟರಲ್ಲಿ ಹಿಂದಿನಿಂದ ಬಂದ ಲಾರಿಯೊಂದು ನಿಂತಿದ್ದ ನಮ್ಮ ಕಾರಿಗೆ ಧಡ್ ಎಂದು ಗುದ್ದಿತು. ಮಾವ ಕೆಂಡವಾದರು. "ಯಾವನ್ಲಾ ಅವ್ನು, ಕಣ್ ಕಾಣಾಕಿಲ್ವಾ?" ಎನ್ನುತ್ತಾ ಕುರ್ಚಿಯಿಂದೆದ್ದು, ಎಷ್ಟು ಜಖಂ ಆಗಿದೆ ಎಂದು ನೋಡಲು ಮಾನಿಟರಿನ ಹಿಂದಕ್ಕೆ ಹೋದರು. ಅಲ್ಲಿ ಬಗ್ಗಿ, ವೈರುಗಳನ್ನೆಲ್ಲ ಪರೀಕ್ಷಿಸಿ, "ಏನೂ ಆಗಿಲ್ಲ ಬುಡಿ" ಎಂದು ಸಮಾಧಾನದಿಂದ ಬಂದು ಕೂತರು.

ಹೀಗೆ ಊರು ಸುತ್ತಿ ದೊಡ್ಡ ಸೇತುವೆಯ ಮೇಲಿನ ಹೆದ್ದಾರಿಗೆ ಬಂದೆವು. ವಿಶಾಲವಾದ ಖಾಲಿ ರಸ್ತೆ. ಮಾವ ಸುತ್ತ ನೋಡಿ ನಿಟ್ಟುಸಿರು ಬಿಟ್ಟರು. "ಇಂಥಾ ರಸ್ತೇಲಿ ಒಂದು ಎಮ್ಮೆ ಇಲ್ಲ, ಒಂದು ಹಿಡಿ ಹುರುಳಿ ಅರ್ಡಿಲ್ಲ. ಈ ಜನ ಏನ್ ಉಣ್ತಾರೆ ಅಳೀಂದ್ರೆ?" ನನಗೆ ಇನ್ನು ತಡೆಯಲಾಗಲಿಲ್ಲ. "ಮಾವ, ಇಲ್ಲಾದ್ರೂ ಸ್ವಲ್ಪ ಜೋರಾಗಿ ಬಿಡಿ, ಹೀಗೆ" ಎಂದು ಪಕ್ಕದಿಂದ ಕೈ ಚಾಚಿ ಮುಂದಕ್ಕೆ ಹೋಗುವ ಗುಂಡಿಯನ್ನು ಒತ್ತಿ ಹಿಡಿದೆ. ಕಾರು ಚಿಮ್ಮಿತು. ಎಲ್ಲಿದ್ದನೋ ಏನೋ, ಹಳದಿ ಅಂಗಿಯವನೊಬ್ಬ ಎದುರಿಗೆ ಬಂದ. ಮಾವ ಅವನನ್ನು ಉಳಿಸಲು ಬಲಕ್ಕೆ ಎಳೆದರು. ಕಾರು ಸೇತುವೆಯ ಅಂಚಿಗೆ ಹಾಕಿದ್ದ ಕಂಬಿಗಳ ಕಟಾಂಜನ ಮುರಿದುಕೊಂಡು ಗಾಳಿಯಲ್ಲಿ ತೇಲಿ, ನೀರಿಗೆ ಬಿದ್ದು, ಬುಳುಬುಳು ಎಂದು ಮುಳುಗಿಹೋಯಿತು.

ನಾನು ಗಟ್ಟಿಯಾಗಿ ನಕ್ಕೆ. ನಕ್ಕ ಮೇಲೆ ಮಾವನ ಮುಖ ನೋಡಿದೆ. ಬಣ್ಣ ಇಳಿದುಹೋಗಿತ್ತು.

"ಆ ಹಳದಿ ಅಂಗಿಯವನು?" ಎಂದರು.

"ಪಕ್ಕಕ್ಕೆ ಹಾರಿದ ಮಾವ. ಅವರು ಹಾರೇ ಹಾರ್ತಾರೆ."

"ನೀವು ಕಣ್ಣಾರೆ ನೋಡುದ್ರಾ?"

ನಾನು ನೋಡಿದ್ದು ನೀರನ್ನು. ಮಾವ ಎದ್ದು ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡು, ಚಪ್ಪಲಿ ಮೆಟ್ಟಿ, ಮನೆಗೆ ನಡೆದರು. ಆವತ್ತು ಮುದ್ದೆ ಮುಟ್ಟಲಿಲ್ಲ. ಅದು ಬರೀ ಚಿತ್ರ, ಅಲ್ಲಿ ಯಾರೂ ಇಲ್ಲ ಎಂದು ನಾನು ಬಗೆಬಗೆಯಾಗಿ ಹೇಳಿದೆ. "ಇಲ್ದೋರಿಗೆ ಯಾಕೆ ಅಷ್ಟೊಂದು ಸಿಗ್ನಲ್ ದೀಪ ಆಕವ್ರೆ?" ಎಂದು ಕೇಳಿದರು. ಜಯ, "ವಯಸ್ಸಾದೋರ ಕೈಲಿ ಏನೇನ್ ಮಾಡಿಸ್ತೀರಿ ನೀವು?" ಎಂದು ನಾನೇ ಮಾವನನ್ನು ಹೊಳೆಗೆ ತಳ್ಳಿ ಬಂದೆನೇನೋ ಎಂಬಂತೆ ನೋಡಿದಳು.

ಬೆಳಿಗ್ಗೆ ಎದ್ದು ನೋಡಿದರೆ ಮಾವ ಇಲ್ಲ. ಬ್ಯಾಗು ಇದೆ, ಪದಕ ಇಲ್ಲ. ಇಸ್ತ್ರಿ ಮಾಡಿಟ್ಟಿದ್ದ ಖಾಕಿ ಅಂಗಿಯೂ ಇಲ್ಲ. ಜಯ ಅಳುವುದಕ್ಕೆ ಶುರುಮಾಡಿದಳು. "ಪದಕ ವಾಪಸ್ ಕೊಡಾಕೆ ಓಗವ್ರೆ ಕಣ್ರೀ. ನಾಗಮಂಗಲದ ಡಿಪೋಗೇ ಓಗಿರ್ತಾರೆ. ಓಡಿ!"

ಓಡಿದೆ. ಸಿಕ್ಕ ಬಸ್ಸು ಹತ್ತಿ ಕೆ.ಆರ್. ಪೇಟೆಗೆ, ಅಲ್ಲಿಂದ ಇನ್ನೊಂದು ಹಿಡಿದು ನಾಗಮಂಗಲಕ್ಕೆ. ದಾರಿಯುದ್ದಕ್ಕೂ ಹುರುಳಿ ಒಕ್ಕಣೆ. ಜೀವನದಲ್ಲಿ ಮೊದಲ ಬಾರಿಗೆ ಡ್ರೈವರಿಗೆ ಯಾವ ಸಲಹೆಯನ್ನೂ ಕೊಡದೆ ಪ್ರಯಾಣ ಮಾಡಿದೆ.

ಡಿಪೋದ ಬೇವಿನ ಮರದ ಕೆಳಗೆ ಬೆಂಚಿನ ಮೇಲೆ ಮಾವ ಕೂತಿದ್ದರು. ಪಕ್ಕದಲ್ಲಿ ಪದಕ. ಎದುರಿಗೆ ಬಾಷಾ ಸಾಹೇಬರು. ಇವರು ಮಾವನ ಬಸ್ಸಿನಲ್ಲಿ ಬಹುಕಾಲ ಕಂಡಕ್ಟರಾಗಿದ್ದವರು, ಈಗ ಅಲ್ಲಿ ಕಂಟ್ರೋಲರು. ಸುತ್ತಲೂ ಮೆಕ್ಯಾನಿಕ್ಕುಗಳು, ಡ್ಯೂಟಿಗೆ ಹೊರಡಬೇಕಿದ್ದ ಡ್ರೈವರುಗಳು ಕೈಕಟ್ಟಿ ನಿಂತಿದ್ದರು. ಒಬ್ಬನ ಮುಖದಲ್ಲೂ ನಗುವಿಲ್ಲ. ಗಂಭೀರವಾಗಿ ವಿಚಾರಣೆ ನಡೆಯುತ್ತಿತ್ತು.

"ಸ್ಥಳ ಯಾವುದು ಗೌಡ್ರೆ?" ಎಂದರು ಬಾಷಾ.

"ಊರ್ ಎಸ್ರು ಗೊತ್ತಿಲ್ಲ ಸಾಬ್ರೆ. ದೊಡ್ಡ ಸೇತುವೆ. ನಮ್ ಶ್ರೀರಂಗಪಟ್ಣದ ಸೇತುವೆಗಿಂತ್ಲೂ ಉದ್ದ."

"ಬ್ರೇಕ್ ಏನಾದ್ರೂ ಫೇಲ್ ಆಗಿತ್ತಾ?" ಒಬ್ಬ ಮೆಕ್ಯಾನಿಕ್ ಕೇಳಿದ.

"ಇಲ್ಲ. ಬ್ರೇಕ್ ಚೆನ್ನಾಗಿತ್ತು. ಗಾಡಿ ಮೇಲೆ ತಪ್ಪು ಒರ್ಸಾಕಿಲ್ಲ ನಾನು."

"ಯಾ ಅಲ್ಲಾ, ಅಷ್ಟು ಸ್ಪೀಡಲ್ಲಿ ನೀವು ಹೋದ್ರಾ? ನಂಬೋಕೇ ಆಗಲ್ಲ" ಎಂದ ಬಾಷಾ ಸಾಹೇಬರು ನನ್ನನ್ನು ಕಂಡು, "ಇದೋ, ಕಣ್ಣಾರೆ ಕಂಡ ಸಾಕ್ಷಿ ಬಂದ್ರು. ಹೇಳಿ ಮೇಷ್ಟ್ರೆ, ಏನಾಯ್ತು?" ಎಂದರು.

ಮಾವನನ್ನು ಪಾರುಮಾಡಬೇಕೆಂಬ ಉತ್ಸಾಹದಲ್ಲಿ ನಾನು, "ಸಾರ್, ಮಾವನದೇನೂ ತಪ್ಪಿಲ್ಲ. ಅವರು ಎಡಕ್ಕೆ ಬಲಕ್ಕೆ ತಿರುಗಿಸ್ತಾ ಇದ್ರು ಅಷ್ಟೆ. ಮುಂದಕ್ಕೆ ಹೋಗೋ ಗುಂಡಿ ಒತ್ತಿ ಹಿಡಿದಿದ್ದು ನಾನು" ಎಂದೆ.

ಗುಂಪಿನಲ್ಲಿ ಒಂದು ಉದ್ಗಾರ ಹೊರಟಿತು. ಬಾಷಾ ಸಾಹೇಬರು ನಿಧಾನವಾಗಿ ನನ್ನ ಕಡೆ ತಿರುಗಿದರು.

"ಅಂದ್ರೆ ಆಕ್ಸಿಲರೇಟರ್ ಮೇಲೆ ಇದ್ದಿದ್ದು ನಿಮ್ಮ ಕೈ?"

"ಹೌದು."

"ನಿಮಗೆ ಲೈಸೆನ್ಸ್ ಇದೆಯಾ?"

"ಇಲ್ಲ ಸಾರ್. ಆದರೆ ಅದು ಆಟ…"

"ಆಟ ಅಂತೀರಾ? ಮೂವತ್ತು ಊರಿನ ಜನ ಇವರ ಗಾಡಿಯಲ್ಲಿ ನಿದ್ದೆ ಮಾಡ್ಕೊಂಡು ಹೋಗ್ತಿದ್ರು ಮೇಷ್ಟ್ರೆ. ಅಂಥ ಡ್ರೈವರ್ ಪಕ್ಕ ಕೂತು ಆಕ್ಸಿಲರೇಟರ್ ಒತ್ತೋದಾ?" ಎಂದ ಸಾಹೇಬರು ಎದ್ದುನಿಂತು ತೀರ್ಪು ಕೊಟ್ಟರು. "ಕೇಸು ಗೌಡ್ರ ಮೇಲಿಲ್ಲ. ಅಳಿಯಂದ್ರ ಮೇಲೆ." ಪದಕವನ್ನು ಖಾಕಿ ಬಟ್ಟೆಯಲ್ಲಿ ಸುತ್ತಿ ಮಾವನ ಜೇಬಿಗೆ ಹಾಕಿದರು. ಡ್ರೈವರುಗಳೆಲ್ಲ ಒಬ್ಬೊಬ್ಬರಾಗಿ ಬಂದು ಮಾವನ ಕೈ ಕುಲುಕಿದರು. ನನ್ನನ್ನು ಮಾತ್ರ, ಹುಷಾರಾಗಿ ದೂರ ಸರಿದು, ಮೇಲಿಂದ ಕೆಳಗೆ ನೋಡಿಹೋದರು. ಸಾಹೇಬರು ಸ್ನೇಹಿತನ ಮನಸ್ಸು ಉಳಿಸಲು ನಾಟಕವಾಡಿದರೋ, ನಿಜವಾಗಿಯೇ ವಿಚಾರಣೆ ಮಾಡಿದರೋ ನನಗೆ ಇವತ್ತಿಗೂ ತಿಳಿಯದು. ಮಾವನಿಗೆ ಮಾತ್ರ ಹಸಿವು ಬಂತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನಾನು ನೋಡನೋಡುತ್ತಿದ್ದಂತೆ ಇಡ್ಲಿ ತಟ್ಟೆಗಳು ಖಾಲಿಯಾದವು.

ಆದರೂ ಅವರಿಗೆ ಹಳದಿ ಅಂಗಿಯವನ ಚಿಂತೆ ಬಿಡಲಿಲ್ಲ. ಪಾಂಡವಪುರಕ್ಕೆ ಬಂದವರೇ ನೆಟ್ಟಗೆ ಶಾಲೆಗೆ ನಡೆದರು. ಟೈಪಿಂಗಿಗೆ ಬಂದಿದ್ದ ಹುಡುಗಿಯರು ಕೆಲಸ ನಿಲ್ಲಿಸಿ ಸುತ್ತ ನೆರೆದರು. ಮಾವ ಗಾಡಿ ಹೊರಡಿಸಿ, ಪ್ರತಿ ಸಿಗ್ನಲ್ಲಿಗೂ ನಿಂತು, ಸೇತುವೆಯ ಮೇಲೆ ನಿಧಾನವಾಗಿ ಹುಡುಕುತ್ತಾ ಹೋದರು. ಕಟಾಂಜನ ಮುರಿದೇ ಇರಲಿಲ್ಲವೆಂಬಂತೆ ನಿಂತಿತ್ತು. ಅದರ ಪಕ್ಕದಲ್ಲಿ ಹಳದಿ ಅಂಗಿಯವನು ಯಾವ ಯೋಚನೆಯೂ ಇಲ್ಲದೆ ಅತ್ತಿಂದಿತ್ತ ನಡೆದಾಡುತ್ತಿದ್ದ.

"ಬದುಕವ್ನೆ!" ಎಂದು ಮಾವ ಕೂಗಿದರು. ಕಣ್ಣಲ್ಲಿ ನೀರಿತ್ತು. "ಅಯ್ಯೋ ಮಗ್ನೆ, ರಸ್ತೆ ಬದೀಲಿ ನಡಿ ಕಣ್ಲಾ!" ಹುಡುಗಿಯರು ಚಪ್ಪಾಳೆ ತಟ್ಟಿದರು. ಜಯ ಆ ಸಂಜೆ ಪಾಯಸ ಮಾಡಿದಳು. ನನಗೆ ಬಡಿಸುವಾಗ ಮಾತ್ರ ಸೌಟು ಸ್ವಲ್ಪ ಬಿಗಿಯಾಯಿತು.

ಅಲ್ಲಿಗೆ ಮುಗಿಯಿತೆಂದುಕೊಂಡೆ. ಆದರೆ ಡಿಪೋದ ಸುದ್ದಿ ಬಸ್ಸಿಗಿಂತ ಬೇಗ ಓಡಾಡುತ್ತದೆ. ಈಗ ನಾನು ಈ ನಾಲ್ಕು ಊರುಗಳ ನಡುವೆ ಯಾವ ಬಸ್ಸು ಹತ್ತಿದರೂ ಡ್ರೈವರು ಕನ್ನಡಿಯಲ್ಲಿ ನೋಡಿ ಕಂಡಕ್ಟರಿಗೆ ಸನ್ನೆ ಮಾಡುತ್ತಾನೆ. ಕಂಡಕ್ಟರು ನನ್ನನ್ನು ಮುಂದಿನ ಸೀಟಿನಿಂದ ಎಬ್ಬಿಸಿ ನಡುವೆ ಕೂರಿಸುತ್ತಾನೆ. ಕಿರಂಗೂರು ದಾಟಿ ಶ್ರೀರಂಗಪಟ್ಟಣದ ಸೇತುವೆ ಹತ್ತಿರವಾಗುತ್ತಿದ್ದಂತೆ, "ಮೇಷ್ಟ್ರೆ, ಸೇತುವೆ ಬಂತು. ಒಸಿ ಕೈ ಕಟ್ಕಂಡು ಕೂತ್ಕಳಿ" ಎನ್ನುತ್ತಾನೆ. ನಾನು ಕೈ ಕಟ್ಟುವ ತನಕ ಬಸ್ಸು ಮುಂದೆ ಹೋಗುವುದಿಲ್ಲ. ಮೊನ್ನೆ ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು, "ಏನ್ ಮಾಡವ್ರಪ್ಪ ಈ ಸ್ವಾಮಿ?" ಎಂದು ಕೇಳಿದಳು. "ಕಾರನ್ನ ಸೇತುವೆಯಿಂದ ಒಳೆಗೆ ಆರಿಸ್ಬುಟ್ರು ಕಣಜ್ಜಿ, ಲೈಸೆನ್ಸೂ ಇಲ್ದೆ" ಎಂದ ಕಂಡಕ್ಟರು. ಅಜ್ಜಿ ಗಂಟು ಎತ್ತಿಕೊಂಡು ಬೇರೆ ಸೀಟಿಗೆ ಹೋದಳು. ಇಡೀ ಬಸ್ಸು ತಿರುಗಿ ನನ್ನನ್ನೇ ನೋಡಿತು. ಸುಳ್ಳು ಎಂದು ಹೇಳಲು ಬಾಯಿ ತೆರೆದೆ. ಆದರೆ ಸೈಕಲ್ಲು ತಳ್ಳುವವನನ್ನು ಜನ ಅಷ್ಟು ಭಯಭಕ್ತಿಯಿಂದ ನೋಡಿದ್ದು ಅದೇ ಮೊದಲು. ಬಾಯಿ ಮುಚ್ಚಿ, ಕೈ ಕಟ್ಟಿ, ಹುಬ್ಬು ಸ್ವಲ್ಪ ಗಂಟಿಕ್ಕಿಕೊಂಡು ಕೂತೆ.