ಮಾವನವರ ನೂರಕ್ಕೆ ನೂರು ಹಾಜರಾತಿ

ದೂರಶಿಕ್ಷಣ ವಿಶ್ವವಿದ್ಯಾಲಯದ ಈ ಸಾಲಿನ ಪದವಿ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದವರು, ಪ್ರವೇಶ ಪಡೆಯುವ ಎಷ್ಟೋ ವರ್ಷ ಮೊದಲೇ ತೀರಿಕೊಂಡಿದ್ದರು. ಇದರಿಂದ ಅವರ ವ್ಯಾಸಂಗಕ್ಕೆ ಯಾವುದೇ ಅಡಚಣೆಯಾಗಿಲ್ಲವೆಂದು ಕುಲಸಚಿವರು ಸ್ಪಷ್ಟಪಡಿಸಿದ್ದಾರೆ.

ಅಸಲಿಗೆ ಓದಲು ಹೊರಟವಳು ಅವರ ಸೊಸೆ. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತೆ. ಮುಖ್ಯ ಗುಮಾಸ್ತರ ಕೆಲಸವನ್ನೆಲ್ಲ ಅವಳೇ ಮಾಡುತ್ತಿದ್ದಳು, ಆದರೆ ಆ ಕುರ್ಚಿಯಲ್ಲಿ ಕೂರಲು ಪದವಿ ಬೇಕೆಂಬುದು ನಿಯಮ. ಹೀಗಾಗಿ ಕುರ್ಚಿ ಖಾಲಿಯಿತ್ತು, ಅವಳು ಪಕ್ಕದ ಸ್ಟೂಲಿನ ಮೇಲಿದ್ದಳು. ಬೆನ್ನಿಗೆ ಆಸರೆಯಿರುವ ಕುರ್ಚಿಯ ಮೇಲೆ ಎಷ್ಟು ಆಸೆಯಿರುತ್ತದೆ ಎಂಬುದು ಸ್ಟೂಲಿನವರಿಗಷ್ಟೇ ಗೊತ್ತು. ಗಂಡ ಲಾರಿ ಓಡಿಸುವವನು. ಮನೆಯಲ್ಲಿದ್ದಾಗ ನಿದ್ದೆ ಮಾಡುತ್ತಾನಾದ್ದರಿಂದ ಈ ವರದಿಯಲ್ಲಿ ಅವನಿಗೆ ಕೆಲಸವಿಲ್ಲ.

ಮನೆಯಲ್ಲಿ ಸಿಗ್ನಲ್ ಸಿಗುವುದು ಒಂದೇ ಜಾಗದಲ್ಲಿ, ನಡುಮನೆಯಲ್ಲಿ ಮಾವನವರ ಫೋಟೋ ತೂಗುಹಾಕಿದ ಗೋಡೆಯ ಬುಡದಲ್ಲಿ. ಸೊಸೆ ಆ ಗೋಡೆಗೇ ಬೆನ್ನು ಕೊಟ್ಟು, ಎದುರಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಮೊದಲ ಪಾಠದಲ್ಲೇ ಪರದೆಯ ಮೇಲೆ ಪ್ರಕಟಣೆ ಬಂತು: ‘ಕೊಠಡಿಯಲ್ಲಿ ಎರಡನೇ ವ್ಯಕ್ತಿ ಪತ್ತೆಯಾಗಿರುತ್ತಾರೆ. ಸದರಿಯವರು ಶುಲ್ಕ ಪಾವತಿಸದೆ ಜ್ಞಾನಾರ್ಜನೆ ಮಾಡುತ್ತಿರುವುದು ದಂಡನಾರ್ಹ.’

ಅವಳು ಸಹಾಯವಾಣಿಗೆ ಫೋನ್ ಮಾಡಿದಳು.

“ಅವರು ನಮ್ಮ ಮಾವ, ಸಾರ್. ತೀರಿಹೋಗಿದ್ದಾರೆ.”

“ಅದು ನಿಮ್ಮ ಮನೆ ವಿಷಯ ಮೇಡಂ. ಪಾಠ ಕೇಳ್ತಿದ್ದಾರೋ ಇಲ್ವೋ?”

“ಅಯ್ಯೋ, ಅದು ಫೋಟೋ!”

“ಕಣ್ಣು ಬಿಟ್ಟಿದ್ದಾರಲ್ಲ ಮೇಡಂ. ಒಂದೋ ಅವರನ್ನ ಎಬ್ಬಿಸಿ ಆಚೆ ಕಳಿಸಿ, ಇಲ್ಲಾ ಸೇರಿಸಿಬಿಡಿ. ಕುಟುಂಬದವರಿಗೆ ರಿಯಾಯಿತಿ ಇದೆ.”

ಫೋಟೋ ಇಳಿಸಲು ಹೋದವಳಿಗೆ ಅತ್ತೆ ಅಡ್ಡ ನಿಂತರು. “ಮುಟ್ಟಿದ್ರೆ ನೋಡು! ಇದ್ದಾಗ ಆ ಮನುಷ್ಯ ಒಂದಿನ ಮನೇಲಿ ನೆಟ್ಟಗೆ ಕೂತೋರಲ್ಲ. ಈಗಲಾದ್ರೂ ಕಣ್ಮುಂದೆ ಇದ್ದಾರೆ, ಇರ್ಲಿ ಬಿಡು.”

ನುಂಗಲೂ ಆಗದೆ ಉಗುಳಲೂ ಆಗದೆ ಸೊಸೆ ಮಾವನವರ ಶುಲ್ಕ ಕಟ್ಟಿದಳು. ಅರ್ಜಿಯಲ್ಲಿ ‘ಬದುಕಿದ್ದೀರಾ?’ ಎಂಬ ಪ್ರಶ್ನೆ ಇರಲಿಲ್ಲ. ಲಗತ್ತಿಸಿದ ಭಾವಚಿತ್ರಕ್ಕೂ ವಿದ್ಯಾರ್ಥಿಯ ಮುಖಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದ್ದರಿಂದ ಪರಿಶೀಲನೆ ಕ್ಷಣದಲ್ಲಿ ಮುಗಿಯಿತು. ಸೊಸೆಯ ಮುಖವನ್ನು ಇದೇ ಪರಿಶೀಲನೆ ಹಲವು ಸಲ ತಿರಸ್ಕರಿಸಿತ್ತು.

ವಿಶ್ವವಿದ್ಯಾಲಯವು ಕಲಿಕೆಯನ್ನು ದೃಷ್ಟಿಯಿಂದ ಅಳೆಯುತ್ತದೆ. ಹಾಲು ಉಕ್ಕಿತೆಂದು ಎದ್ದರೆ ಗೈರುಹಾಜರಿ, ಆಕಳಿಸಿದರೆ ಅಶಿಸ್ತು, ಟಿಪ್ಪಣಿ ಬರೆಯಲು ತಲೆ ತಗ್ಗಿಸಿದರೆ ನಕಲಿನ ಶಂಕೆ. ಸೊಸೆಗೆ ವಾರಕ್ಕೊಂದು ನೋಟಿಸು ಬರುತ್ತಿತ್ತು. ಮಾವನವರು ಮಾತ್ರ ಕಣ್ಣೆವೆ ಮಿಟುಕಿಸದೆ ಕೊನೆಯ ಪಾಠದವರೆಗೂ ಕೂತರು.

ಪರೀಕ್ಷೆಯೂ ಅದೇ ಗೋಡೆಯ ಬುಡದಲ್ಲಿ, ಅದೇ ಪರದೆಯ ಮೇಲೆ ನಡೆಯಿತು. ಅದಾದ ಮೇಲೆ ಒಂದು ಸುತ್ತೋಲೆ ಹೊರಟಿತು: ‘ಪಠ್ಯದಲ್ಲಿಲ್ಲದ ಪ್ರಶ್ನೆಗಳನ್ನು ಉತ್ತರಿಸದೆ ಬಿಟ್ಟವರಿಗೆ ಪೂರ್ಣ ಅಂಕ ನೀಡಲಾಗುವುದು. ಉತ್ತರಿಸಿದವರು ಅದನ್ನು ಎಲ್ಲಿ ಓದಿದರೆಂದು ವಿವರಣೆ ನೀಡತಕ್ಕದ್ದು.’ ಪಠ್ಯದಲ್ಲಿದ್ದ ಪ್ರಶ್ನೆ ಒಂದೂ ಇರಲಿಲ್ಲ. ಪಾಪ, ಸೊಸೆ ಕಷ್ಟಪಟ್ಟು ಓದಿದ್ದಳು. ಎಲ್ಲಕ್ಕೂ ಉತ್ತರ ಬರೆದು ಫೇಲಾದಳು. ಮಾವನವರು ಪ್ರಥಮ ಸ್ಥಾನಕ್ಕೆ ಬಂದರು.

“ನಾನು ಆವಾಗ್ಲೇ ಹೇಳ್ತಿದ್ದೆ, ಈ ಮನುಷ್ಯ ಒಂದ್ಕಡೆ ಕೂತ್ರೆ ಏನಾದ್ರೂ ಸಾಧಿಸ್ತಾರೆ ಅಂತ,” ಎಂದರು ಅತ್ತೆ.

ಸೊಸೆ ಅಳುಮೋರೆ ಹಾಕಿಕೊಂಡು ಕಚೇರಿಯ ಸಾಹೇಬರಿಗೆ ನಡೆದದ್ದನ್ನೆಲ್ಲ ಹೇಳಿದಳು. ಅವರು ಗಂಭೀರವಾಗಿ ಕೇಳಿಸಿಕೊಂಡರು.

“ಅಳಬೇಡಿ ಅಮ್ಮ. ಕೆಲಸ ನಿಮಗೆ ಬರುತ್ತೆ, ಪದವಿ ನಿಮ್ಮ ಮನೇಲಿದೆ. ಎರಡೂ ಒಬ್ರಲ್ಲೇ ಇರ್ಬೇಕು ಅಂತ ಯಾವ ನಿಯಮದಲ್ಲಿದೆ?”

ಮಾವನವರಿಗೆ ನೇಮಕಾತಿ ಆದೇಶ ಬಂತು. ಅತ್ತೆಯೇ ಫೋಟೋ ಒರೆಸಿ ಕಳಿಸಿಕೊಟ್ಟರು. ಗಂಡ ಕೆಲಸಕ್ಕೆ ಹೋಗುತ್ತೇನೆಂದರೆ ಯಾವ ಹೆಂಗಸು ತಡೆಯುತ್ತಾಳೆ? ಈಗ ಮಾವನವರು ಕುರ್ಚಿಗೆ ಒರಗಿದ್ದಾರೆ, ಸೊಸೆ ಸ್ಟೂಲಿನ ಮೇಲೆ ಕೂತು ಅವರ ಕೆಲಸ ಮಾಡುತ್ತಾಳೆ. ಹೊಸ ಮುಖ್ಯ ಗುಮಾಸ್ತರು ಸಿಡುಕುವುದಿಲ್ಲ, ಕೈ ಚಾಚುವುದಿಲ್ಲ, ನಾಳೆ ಬಾ ಎನ್ನುವುದಿಲ್ಲ ಎಂದು ಜನ ಹೊಗಳುತ್ತಾರೆ.

“ಇವರು ನಿವೃತ್ತಿ ಆಗೋದು ಯಾವಾಗ ಸಾರ್?” ಎಂದು ಸೊಸೆ ಒಮ್ಮೆ ಕೇಳಿದಳು.

“ತೀರಿಕೊಂಡ ಮೇಲೆ ಅವರಿಗೆ ವಯಸ್ಸೇ ಆಗಿಲ್ಲವಲ್ಲಮ್ಮ, ನಿವೃತ್ತಿ ಎಲ್ಲಿಂದ ಬಂತು? ನನ್ನ ಕುರ್ಚಿ ಬೇಕಾದ್ರೆ ಖಾಲಿಯಾಗುತ್ತೆ. ನನಗೇನೋ ವಯಸ್ಸಾಗ್ತಿದೆ. ಇನ್ನೊಂದ್ಸಲ ಓದಿ.”

ಸೊಸೆ ಮತ್ತೆ ಶುಲ್ಕ ಕಟ್ಟಿದಳು. ಈ ಸಲ ಪುಸ್ತಕ ಕೊಳ್ಳಲಿಲ್ಲ; ಸ್ಟುಡಿಯೋಗೆ ಹೋಗಿ, ನೆಟ್ಟಗೆ ಕೂತು, ಕಣ್ಣು ಅಗಲಿಸಿ ಫೋಟೋ ತೆಗೆಸಿಕೊಂಡಳು. ಕಟ್ಟು ಹಾಕಿಸಿ ತಂದದ್ದನ್ನು ಮಾವನವರ ಖಾಲಿ ಮೊಳೆಗೆ ಅತ್ತೆಯೇ ನೇತುಹಾಕಿದರು. ಪಾಠ ಶುರುವಾಯಿತು. ಅಡುಗೆಮನೆಯಲ್ಲಿ ಆ ಹೊತ್ತಿಗೆ ಹಾಲು ಉಕ್ಕಲಿಲ್ಲ.

ಅತ್ತೆ ಗೋಡೆಯತ್ತ ನೋಡಿ ತಲೆದೂಗಿದರು. “ಈಗ ನೋಡು, ಮುಖಕ್ಕೆ ಓದೋ ಕಳೆ ಬಂತು.”

ಒಲೆಯ ಮುಂದೆ ನಿಂತಿದ್ದ ಸೊಸೆ ಇಣುಕಿ ನೋಡಿದಳು. ಅವಳಿಗೂ ಹಾಗೇ ಅನ್ನಿಸಿತು.