ಕಂಡಕ್ಟರ್ ಅಂಗಿಯ ಐದು ಗುಂಡಿ

ಟೈಲರ್‌ನ ನೆಮ್ಮದಿ ಕೆಡಿಸಿದ್ದು ಕಂಡಕ್ಟರ್ ಅಂಗಿಯ ಐದು ಗುಂಡಿಗಳು.

ಲಕ್ವ ಹೊಡೆದು ಇಬ್ಬರ ಬಲಗೈಯೂ ಸೋತಿತ್ತು. ಮೆದುಳು ಚೇತರಿಸಿಕೊಳ್ಳಲು ಹೊಸ ಔಷಧಿಯೊಂದನ್ನು ಪರೀಕ್ಷಿಸುತ್ತಿದ್ದ ಆಸ್ಪತ್ರೆಯಲ್ಲಿ ಇಬ್ಬರೂ ಹೆಸರು ಬರೆಸಿದ್ದರು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಉಳಿದವರಿಗೆ ಹಾಗೇ ಕಾಣುವ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದೆಂದು ಡಾಕ್ಟರಮ್ಮನಿಗೂ ಗೊತ್ತಿಲ್ಲ; ಡಬ್ಬಿಯ ಮೇಲೆ ಬರೀ ನಂಬರು. ಟೈಲರ್‌ಗೆ ಬೇಕಾಗಿದ್ದು ಒಂದೇ, ಮತ್ತೆ ಸೂಜಿಗೆ ದಾರ ಪೋಣಿಸಬೇಕು.

ಅಂದು ತಪಾಸಣೆಯ ದಿನ. ಬೆಳಿಗ್ಗೆಯೇ ಪಕ್ಕದ ಮನೆಯ ಮೇಷ್ಟ್ರು ಟೈಲರ್‌ನ ಒಂದು ಮಾತ್ರೆ ನೆಕ್ಕಿ ತೀರ್ಪು ಕೊಟ್ಟಿದ್ದರು.

"ಕಹಿನೇ ಇಲ್ವಲ್ಲಪ್ಪ. ನಿಂದು ಹಿಟ್ಟೇ."

ಆಸ್ಪತ್ರೆಯ ಬೆಂಚಿನಲ್ಲಿ ಕಂಡಕ್ಟರ್ ಐದೂ ಗುಂಡಿ ಹಾಕಿಕೊಂಡು ಮದುಮಗನಂತೆ ಕೂತಿದ್ದ.

"ನೀವೇ ಹಾಕ್ಕೊಂಡ್ರಾ?" ಟೈಲರ್ ಕೇಳಿದ.

"ಮತ್ತಿನ್ಯಾರು? ಅರ್ಧ ನಿಮಿಷದ ಕೆಲಸ."

ಟೈಲರ್‌ಗೆ ಹೊಟ್ಟೆ ಉರಿಯಿತು. ನಿಜವಾದ ಮಾತ್ರೆ ಇವನದೇ. ಕಂಡಕ್ಟರ್ ನೀರು ಕುಡಿಯಲು ಎದ್ದದ್ದೇ ತಡ, ಅವನ ಚೀಲದಿಂದ ಡಬ್ಬಿ ತೆಗೆದು, ಎರಡೂ ಡಬ್ಬಿಗಳ ನಂಬರ್ ಚೀಟಿ ಕಿತ್ತು ಅದಲುಬದಲು ಮಾಡಿ ಅಂಟಿಸಿ, ತನ್ನ ಡಬ್ಬಿಯನ್ನು ಅವನ ಚೀಲಕ್ಕೆ ಹಾಕಿದ. ಗಾಬರಿಯಲ್ಲಿ ಒಂದು ಚೀಟಿ ತಲೆಕೆಳಗಾಯಿತು.

ಡಾಕ್ಟರಮ್ಮ ಟೈಲರನ್ನು ಒಳಗೆ ಕರೆದು ಡಬ್ಬಿ ನೋಡಿದರು. "ಇದನ್ನ ಕಿತ್ತೋರು ಯಾರು?"

"ನಾನೇ ಅಮ್ಮ, ಕಂಡಕ್ಟರ್ ಡಬ್ಬಿ ಜೊತೆ ಬದಲಾಯಿಸ್ದೆ. ತಪ್ಪಾಯ್ತು. ಪರೀಕ್ಷೆಯಿಂದ ಮಾತ್ರ ತೆಗೀಬೇಡಿ."

"ಯಾವ ಕೈಯಲ್ಲಿ ಕಿತ್ರಿ?"

"ಎಡಗೈ ಡಬ್ಬಿ ಹಿಡ್ಕೊಂಡಿತ್ತಲ್ಲ... ಬಲಗೈ ಉಗುರಲ್ಲಿ."

ಇಬ್ಬರೂ ಆ ಬಲಗೈಯನ್ನೇ ನೋಡಿದರು. ಹೋದ ತಿಂಗಳು ಅದಕ್ಕೆ ಪೆನ್ಸಿಲ್ ಹಿಡಿಯಲೂ ಆಗಿರಲಿಲ್ಲ. ಟೈಲರ್‌ನ ಕಣ್ಣು ತುಂಬಿತು.

"ಕಳ್ಳತನ ಮಾಡಿದ್ದನ್ನೂ ಬರೀತೀನಿ, ಬೆರಳು ಬಂದಿದ್ದನ್ನೂ ಬರೀತೀನಿ," ಎಂದು ಡಾಕ್ಟರಮ್ಮ ಇನ್ನೊಂದು ಡಬ್ಬಿಯನ್ನೂ ತರಿಸಿ ಚೀಟಿಗಳನ್ನು ಮೊದಲಿನಂತೆ ಅಂಟಿಸಿದರು.

"ಹಾಗಾದ್ರೆ ನಿಜವಾದ ಮಾತ್ರೆ ನಂದೇನಾ?"

"ಯಾರಿಗ್ರೀ ಗೊತ್ತು? ಪರೀಕ್ಷೆ ಮುಗೀಲಿ."

ಹೊರಗೆ ಬಂದು ಟೈಲರ್ ತಪ್ಪೊಪ್ಪಿಕೊಂಡ. ಕಂಡಕ್ಟರ್ ನಕ್ಕು ಅಂಗಿಯ ಅಂಚು ಎತ್ತಿ ತೋರಿಸಿದ. ಗುಂಡಿಗಳು ಬರೀ ಶೋಕಿಗೆ. ಒಳಗೆ ಟಿಚ್ ಬಟನ್.

"ಎಡಗೈಯಲ್ಲಿ ಒತ್ತಿದ್ರೆ ಮುಗೀತು. ಯಾರು ಹೊಲಿದಿದ್ದು ಅಂತ ಕೇಳ್ಬೇಡಿ, ಹೇಳ್ಬಾರ್ದು ಅಂದಿದ್ದಾರೆ."

ಕೇಳುವ ಅಗತ್ಯವೇ ಬೀಳಲಿಲ್ಲ. ಆ ಹೊಲಿಗೆ ಕಲಿಸಿದ್ದು ಟೈಲರೇ.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿ ಹೆಂಡತಿಯ ಮುಂದೆ ನಿಂತ. "ನಂಗೆ ಯಾಕೆ ಹೇಳ್ಲಿಲ್ಲ?"

"ನಿಮ್ಮ ಕೈಲಾಗದ ಕೆಲಸ ನಾನು ಮಾಡ್ತಿದೀನಿ ಅಂತ ನೊಂದ್ಕೋತೀರಲ್ಲ, ಅದಕ್ಕೆ. ಈಗ ಬೆರಳು ಬಂತು ತಾನೆ?" ಅವಳು ಒಳಗಿನಿಂದ ಒಂದು ಗಂಟು ತಂದು ಬಿಚ್ಚಿದಳು. "ಕಂಡಕ್ಟರನ್ನ ನೋಡಿ ಆಸ್ಪತ್ರೆ ಬೆಂಚಿನೋರೆಲ್ಲ ಕೊಟ್ಟಿದ್ದಾರೆ. ಹದಿನಾಲ್ಕು ಅಂಗಿ. ನಂಗೆ ಬೆನ್ನು ನೋವು, ನೀವೇ ಹೊಲೀರಿ."

ಟೈಲರ್ ಗೊಣಗುತ್ತಾ ಸೂಜಿ ಎತ್ತಿಕೊಂಡ. ಒಂಬತ್ತನೇ ಸಲಕ್ಕೆ ದಾರ ತೂರಿತು.